ಬಿಷಪ್ ಹೆಸರು, ಎಲ್ಲರ ರುಜು: ಅಮೆರಿಕದ ಎಪಿಸ್ಕೋಪಲ್ ಡಯಾಸಿಸ್ ಒಳಗೆ ನಡೆಯೋದೇನು

ಡಿಸೆಂಬರ್ ರಜೆಗೆ ಮೈಸೂರಿಗೆ ಬಂದಿದ್ದಾಗ ನಮ್ಮ ಹಳೇ ಚರ್ಚಿನ ಸಭೆಯ ಹಿರಿಯರೊಬ್ರು ಆರಾಧನೆ ಮುಗಿದ ಮೇಲೆ ಬಾಗಿಲಲ್ಲೇ ಹಿಡ್ಕೊಂಡು, ನೀನು ಅಲ್ಲಿ ಅದೇನೋ ಚರ್ಚ್ ಕಮಿಟಿಲಿ ಇದ್ದೀಯಂತಲ್ಲಪ್ಪ, ಸಂಜೆ ಹಾಲ್‌ನಲ್ಲಿ ಒಂದು ಗಂಟೆ ಮಾತಾಡು, ಕಾಫಿ ವಡೆ ನಮ್ದು ಅಂದ್ರು. ವಡೆಗೆ ಒಪ್ಕೊಂಡೆ. ಒಬ್ಬ ಹುಡುಗ ಫೋನಲ್ಲಿ ರೆಕಾರ್ಡ್ ಮಾಡಿದ್ದ, ಅದನ್ನ ಕೇಳ್ಕೊಂಡು ಟೈಪ್ ಮಾಡಿದ್ದೀನಿ, ಅಲ್ಲಲ್ಲಿ ಹೇಳೋಕೆ ಮರೆತಿದ್ದನ್ನ ಸೇರಿಸಿದ್ದೀನಿ.

ಎಲ್ಲರಿಗೂ ನಮಸ್ಕಾರ. ಮೊದಲು ಹೆಸರಿಂದ ಶುರು ಮಾಡ್ತೀನಿ, ಯಾಕಂದ್ರೆ ಹೆಸರೇ ದಾರಿ ತಪ್ಪಿಸುತ್ತೆ. ಎಪಿಸ್ಕೋಪಲ್ ಅನ್ನೋದು ಗ್ರೀಕಿನ ಎಪಿಸ್ಕೊಪೋಸ್‌ನಿಂದ ಬಂದಿದ್ದು, ಮೇಲ್ವಿಚಾರಣೆ ಮಾಡೋನು ಅಂತ ಅರ್ಥ, ನಮ್ಮ ಕನ್ನಡ ಬೈಬಲ್‌ನಲ್ಲಿ ಸಭಾಧ್ಯಕ್ಷ ಅಂತಿದೆ. ಹಂಗಾಗಿ ಎಪಿಸ್ಕೋಪಲ್ ಚರ್ಚ್ ಅಂದ್ರೆ ಬಿಷಪ್ಪರ ಚರ್ಚು, ಅವರು ಹೇಳಿದ್ದೇ ಅಲ್ಲಿ ಕಾನೂನು ಅಂತ ಅಂದ್ಕೊಂಡೇ ನಾನೂ ಅಲ್ಲಿಗೆ ಹೋಗಿದ್ದು. ನಮ್ಮ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆಗ್ಲಿ ಅದಾಗ್ಲಿ ಎರಡೂ ಆಂಗ್ಲಿಕನ್ ಕಮ್ಯುನಿಯನ್‌ಗೆ, ಅಂದ್ರೆ ಚರ್ಚ್ ಆಫ್ ಇಂಗ್ಲೆಂಡ್ ಬಳಗದ ಚರ್ಚುಗಳ ಕೂಟಕ್ಕೆ ಸೇರಿದ್ದು, ಆರಾಧನೆ ಕ್ರಮ ಹೆಚ್ಚುಕಮ್ಮಿ ಗುರುತು ಸಿಗುತ್ತೆ, ಹೊಸ ಊರಲ್ಲಿ ಹತ್ತಿರದ ಚರ್ಚ್ ಹುಡುಕಿದಾಗ ಸಿಕ್ಕಿದ್ದು ಅದೇ. ಅಮೆರಿಕದ ಈಶಾನ್ಯ ಭಾಗದಲ್ಲಿ ಒಂದು ಸಣ್ಣ ಟೌನು, ಭಾನುವಾರ ನಲವತ್ತು ಜನ ಸೇರಿದ್ರೆ ಜಾಸ್ತಿ. ಮೂರು ವರ್ಷ ಹಿಂದಿನ ಬೆಂಚಲ್ಲಿ ಸುಮ್ನೆ ಕೂತಿದ್ದೆ, ನಾಲ್ಕನೇ ವರ್ಷ ವೆಸ್ಟ್ರಿಗೆ ಸೇರಿಸ್ಕೊಂಡ್ರು. ವೆಸ್ಟ್ರಿ ಅಂದ್ರೆ ನಮ್ಮ ಪಾಸ್ಟೊರೇಟ್ ಕಮಿಟಿ ಥರ, ಸಭೆ ನಡೆಸೋ ಕಮಿಟಿ, ಸಭೆಯವರೇ ವರ್ಷಕ್ಕೊಂದ್ಸಲ ಸೇರಿ ಆರಿಸೋದು. ಅದರೊಳಗೆ ಇಬ್ರು ವಾರ್ಡನ್‌ಗಳು, ಹಾಸ್ಟೆಲ್ ವಾರ್ಡನ್ ಅಲ್ಲ. ಸೀನಿಯರ್ ವಾರ್ಡನ್ ಅಯ್ಯನೋರಿಗೆ, ಅಂದ್ರೆ ಸಭೆಯ ಪಾದ್ರಿಗೆ ಬಲಗೈ, ಜೂನಿಯರ್ ವಾರ್ಡನ್ ಅಂದ್ರೆ ರೂಢಿಯಲ್ಲಿ ಕಟ್ಟಡ ನೋಡ್ಕೊಳ್ಳೋನು, ಬಾಯ್ಲರು ಕೆಟ್ರೆ ಸೂರು ಸೋರಿದ್ರೆ ರಾತ್ರಿ ಹನ್ನೊಂದಕ್ಕೆ ಅವನಿಗೇ ಫೋನು. ಇಂಡಿಯಾದಿಂದ ಬಂದೋನು ಎಂಜಿನಿಯರ್ ಆಗಿರ್ಲೇಬೇಕು ಅಂತ ನನ್ನನ್ನೇ ಜೂನಿಯರ್ ವಾರ್ಡನ್ ಮಾಡಿದ್ರು. ನಾನು ಓದಿದ್ದು ಬಿ.ಕಾಂ. ಅಂತ ಹೇಳೋಷ್ಟರಲ್ಲಿ ಓಟ್ ಮುಗಿದಿತ್ತು.

ಅಲ್ಲಿ ಮೊದಲು ಗೊತ್ತಾಗಿದ್ದು ಏನಪ್ಪಾ ಅಂದ್ರೆ, ನಮ್ಮ ಸಭೆಗೆ ಅಯ್ಯನೋರನ್ನ ಬಿಷಪ್ ಕಳಿಸಲ್ಲ. ಇಲ್ಲಿ ನಮ್ಗೆ ಟ್ರಾನ್ಸ್‌ಫರ್ ಲಿಸ್ಟ್ ಬರುತ್ತಲ್ಲ, ಯಾರು ಎಲ್ಲಿಗೆ ಅಂತ ಏಪ್ರಿಲ್ ಮೇ ತಿಂಗಳಲ್ಲಿ ಎಲ್ಲರೂ ಉಸಿರು ಬಿಗಿಹಿಡ್ಕೊಂಡು ಕಾಯ್ತಾರಲ್ಲ, ಅದು ಅಲ್ಲಿಲ್ಲ. ಸಭೆಯವರು ಒಂದು ಹುಡುಕಾಟದ ಕಮಿಟಿ ಮಾಡ್ಕೊಂಡು, ಅರ್ಜಿ ತರಿಸ್ಕೊಂಡು, ಇಂಟರ್‌ವ್ಯೂ ಮಾಡಿ, ಬಿಷಪ್ ಆಫೀಸಿನ ಜೊತೆ ಮಾತಾಡಿ, ಕೊನೆಗೆ ವೆಸ್ಟ್ರಿ ಆರಿಸುತ್ತೆ. ಹಾಗೆ ಬಂದೋರಿಗೆ ರೆಕ್ಟರ್ ಅಂತಾರೆ, ಒಂದ್ಸಲ ರೆಕ್ಟರ್ ಆದ್ರೆ ವೆಸ್ಟ್ರಿ ತನ್ನ ಪಾಡಿಗೆ ತಾನು ತೆಗಿಯೋಕಾಗಲ್ಲ, ಬಿಷಪ್ಪೂ ಬೆಳಿಗ್ಗೆ ಎದ್ದು ನೀವು ಹೋಗಿ ಅನ್ನೋಕಾಗಲ್ಲ, ಅದಕ್ಕೆ ಬೇರೇನೇ ವಿಧಿ ಇದೆ. ಸ್ವಂತ ಕಾಲಮೇಲೆ ನಿಲ್ಲೋಕಾಗದ, ಡಯಾಸಿಸ್ (ಒಬ್ಬ ಬಿಷಪ್ ಕೆಳಗೆ ಬರೋ ಸಭೆಗಳ ಪ್ರಾಂತ್ಯ) ದುಡ್ಡಲ್ಲಿ ನಡೆಯೋ ಸಭೆಗಳಿಗೆ ಮಿಷನ್ ಅಂತಾರೆ, ಅಲ್ಲಿ ಮಾತ್ರ ಬಿಷಪ್ ಮಾತು ಜಾಸ್ತಿ ನಡೆಯುತ್ತೆ. ಅಂದ್ರೆ ಅನ್ನ ಹಾಕೋರ ಮಾತು ನಡೆಯುತ್ತೆ, ಅದು ಎಲ್ಲಾ ಕಡೆನೂ ಅಷ್ಟೇ ಬಿಡಿ.

ಇದು ಹೀಗ್ಯಾಕೆ ಅಂತ ಕೇಳಿದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. ಇಂಗ್ಲಿಷರು ಜೇಮ್ಸ್‌ಟೌನ್‌ಗೆ ಬಂದಿಳಿದಿದ್ದು 1607ರಲ್ಲಿ, ಅಮೆರಿಕಕ್ಕೆ ಮೊದಲ ಆಂಗ್ಲಿಕನ್ ಬಿಷಪ್ ಸಿಕ್ಕಿದ್ದು 1784ರಲ್ಲಿ. 177 ವರ್ಷ ಬಿಷಪ್ಪರ ಚರ್ಚಿಗೆ ಬಿಷಪ್ಪೇ ಇರ್ಲಿಲ್ಲ! ಲೆಕ್ಕಕ್ಕೆ ಲಂಡನ್ ಬಿಷಪ್ ಕೆಳಗೆ ಅಂತಿತ್ತು, ಪಾದ್ರಿ ಆಗ್ಬೇಕು ಅನ್ನೋ ಹುಡುಗ ಹಡಗು ಹತ್ತಿ ಲಂಡನ್‌ಗೆ ಹೋಗಿ ದೀಕ್ಷೆ ತಗೊಂಡು ವಾಪಸ್ ಬರ್ಬೇಕು, ಎಷ್ಟೋ ಜನ ಸಮುದ್ರದಲ್ಲೋ ಸಿಡುಬಿಗೋ ಸತ್ರು. ಆ ಅಷ್ಟೂ ವರ್ಷ ಚರ್ಚ್ ನಡೆಸಿದ್ದು ಯಾರು? ಊರಿನ ವೆಸ್ಟ್ರಿಗಳು. ಜಾರ್ಜ್ ವಾಷಿಂಗ್ಟನ್ ಕೂಡ ವರ್ಜೀನಿಯಾದಲ್ಲಿ ವೆಸ್ಟ್ರಿ ಮೆಂಬರ್ ಆಗಿದ್ದವರೇ. ಅಧಿಕಾರದ ರುಚಿ ನೋಡಿದ ಕಮಿಟಿ ಸುಮ್ನೆ ಬಿಟ್ಕೊಡುತ್ತಾ?

ಕ್ರಾಂತಿ ಆಯ್ತು, ರಾಜ ಹೋದ. ಕನೆಟಿಕಟ್‌ನ ಪಾದ್ರಿಗಳು 1783ರಲ್ಲಿ ಸ್ಯಾಮ್ಯುಯಲ್ ಸೀಬರಿ ಅನ್ನೋರನ್ನ ಆರಿಸಿ ಬಿಷಪ್ ಆಗಿ ಬಾ ಅಂತ ಲಂಡನ್‌ಗೆ ಕಳಿಸಿದ್ರು. ಅಲ್ಲಿ ನೋಡಿದ್ರೆ ಕಾನೂನು ಪ್ರಕಾರ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡದೆ ಅಭಿಷೇಕ ಮಾಡೋಕಾಗಲ್ಲ ಅಂದ್ರು, ಇವರು ಆ ರಾಜನ ಜೊತೆ ಜಗಳ ಆಡ್ಕೊಂಡು ಹೊರಗೆ ಬಂದ ದೇಶದವರು, ಎಲ್ಲಿ ಪ್ರಮಾಣ ಮಾಡ್ತಾರೆ. ವರ್ಷಕ್ಕೂ ಹೆಚ್ಚು ಕಾದು ಕೊನೆಗೆ ಸ್ಕಾಟ್ಲೆಂಡಿಗೆ ಹೋದ್ರು, ಅಲ್ಲಿ ರಾಜನಿಗೆ ಸೊಪ್ಪು ಹಾಕದ ಒಂದು ಸಣ್ಣ ಗುಂಪಿನ ಮೂರು ಬಿಷಪ್ಪರು 1784ರ ನವೆಂಬರ್ 14ಕ್ಕೆ ಆಬರ್ಡೀನ್‌ನಲ್ಲಿ ಒಂದು ಮನೆಯ ಮಹಡಿಯಲ್ಲಿ ಅಭಿಷೇಕ ಮಾಡಿದ್ರು. ಈ ಕಡೆ ಫಿಲಡೆಲ್ಫಿಯಾದಲ್ಲಿ ವಿಲಿಯಂ ವೈಟ್ ಅನ್ನೋ ಪಾದ್ರಿ 1782ರಲ್ಲೇ ಒಂದು ಕಿರುಹೊತ್ತಿಗೆ ಬರೆದು, ಬಿಷಪ್ ಬರೋತನಕ ಯಾಕೆ ಕಾಯ್ಬೇಕು, ಪಾದ್ರಿಗಳು ಮತ್ತೆ ಸಾಮಾನ್ಯ ಜನ ಇಬ್ರೂ ಸೇರಿ ಆರಿಸಿದ ಮಂಡಳಿಗಳಿಂದ ಚರ್ಚ್ ನಡೆಸೋಣ ಅಂದಿದ್ರು. 1785ರಲ್ಲಿ ಮೊದಲ ಜನರಲ್ ಕನ್ವೆನ್ಷನ್, ಅಂದ್ರೆ ಇಡೀ ಚರ್ಚಿನ ಮಹಾಸಭೆ, 1789ರಲ್ಲಿ ಚರ್ಚಿನ ಸಂವಿಧಾನ, ಎರಡೂ ಫಿಲಡೆಲ್ಫಿಯಾದಲ್ಲಿ. ಬಿಷಪ್ಪರದ್ದೊಂದು ಮನೆ, ಪಾದ್ರಿಗಳು ಮತ್ತು ಜನರ ಪ್ರತಿನಿಧಿಗಳದ್ದೊಂದು ಮನೆ, ಎರಡೂ ಒಪ್ಪಿದ್ರೇ ಕಾನೂನು. ದೇಶದ ಸಂವಿಧಾನ ಬರೆದ ಊರಲ್ಲೇ, ಅದೇ ವರ್ಷಗಳಲ್ಲಿ ಆದ ಕೆಲಸ, ಆ ಗಾಳಿ ಬೀಸದೆ ಇರುತ್ತಾ.

ಈಗ ಡಯಾಸಿಸ್‌ಗೆ ಬರೋಣ. ಅಂಥವು ನೂರರ ಮೇಲೆ ಸ್ವಲ್ಪ ಇವೆ. ಒಂದೊಂದು ಡಯಾಸಿಸ್‌ಗೂ ತನ್ನದೇ ಸಂವಿಧಾನ, ತನ್ನದೇ ಕ್ಯಾನನ್‌ಗಳು, ಕ್ಯಾನನ್ ಅಂದ್ರೆ ಚರ್ಚಿನ ಕಾನೂನು. ವರ್ಷಕ್ಕೊಂದು ಕನ್ವೆನ್ಷನ್. ಇಲ್ಲಿ ಒಂದು ಮಾತು ಹೇಳ್ಬೇಕು, ನಮ್ಮಲ್ಲಿ ಕನ್ವೆನ್ಷನ್ ಅಂದ್ರೆ ಶಾಮಿಯಾನ ಹಾಕಿ ಮೈಕ್ ಕಟ್ಟಿ ಮೂರು ದಿನ ಪ್ರಸಂಗ, ಹಾಡು, ಪ್ರಾರ್ಥನೆ. ನಾನು ಮೊದಲ ಸಲ ಡೆಲಿಗೇಟ್ ಆಗಿ ಹೋದಾಗ ಬೈಬಲ್ ಹಿಡ್ಕೊಂಡು ಹೋಗಿದ್ದೆ, ಅವರು ಕೈಗೆ ಕೊಟ್ಟಿದ್ದು ಬಜೆಟ್ ಪುಸ್ತಕ. ಬೆಳಿಗ್ಗೆ ಆರಾಧನೆ ಆಯ್ತು, ಆಮೇಲೆ ಊಟದ ತನಕ ಒಂದು ಕ್ಯಾನನ್‌ನಲ್ಲಿ ಒಂದು ಪದ ಬದಲಾಯಿಸ್ಬೇಕಾ ಬೇಡ್ವಾ ಅಂತ ಚರ್ಚೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಸ್ವೆಟರ್ ಹೆಣೀತಾ ಇದ್ರು, ಓಟಿನ ಹೊತ್ತಿಗೆ ಮಾತ್ರ ಸರಿಯಾಗಿ ತಲೆಯೆತ್ತಿ ಕಾರ್ಡ್ ಎತ್ತೋರು, ಮೂವತ್ತು ವರ್ಷದ ಅನುಭವ ಅಂತೆ.

ಈ ಕನ್ವೆನ್ಷನ್ನೇ ಬಿಷಪ್ಪನ್ನ ಆರಿಸೋದು. ಪಾದ್ರಿಗಳ ಓಟು ಬೇರೆ ಎಣಿಸ್ತಾರೆ, ಜನರ ಓಟು ಬೇರೆ ಎಣಿಸ್ತಾರೆ, ಒಂದೇ ಸುತ್ತಿನಲ್ಲಿ ಎರಡೂ ಕಡೆ ಬಹುಮತ ಬಂದ್ರೇ ಗೆಲುವು, ಇಲ್ಲಾಂದ್ರೆ ಇನ್ನೊಂದು ಸುತ್ತು, ಮತ್ತೊಂದು ಸುತ್ತು. ನಮ್ಮ ಸಿಎಸ್ಐನಲ್ಲಿ ಡಯಾಸಿಸನ್ ಕೌನ್ಸಿಲ್ ಒಂದು ಪ್ಯಾನೆಲ್ ಮಾಡಿ ಕಳಿಸುತ್ತೆ, ಅದರಲ್ಲಿ ಯಾರು ಅನ್ನೋದು ಸಿನೊಡ್ (ಇಡೀ ಸಿಎಸ್ಐನ ಮೇಲಿನ ಮಂಡಳಿ) ಮಟ್ಟದಲ್ಲಿ ತೀರ್ಮಾನ ಆಗುತ್ತೆ, ಅದು ನಿಮಗೇ ಗೊತ್ತು. ಅಲ್ಲಿ ಡಯಾಸಿಸ್ಸೇ ಒಬ್ಬರನ್ನ ಆರಿಸಿಬಿಡುತ್ತೆ, ಆದ್ರೆ ಕತೆ ಮುಗಿಯಲ್ಲ. ಆರಿಸಿದ ಮೇಲೆ ಇಡೀ ಚರ್ಚಿನ ಡಯಾಸಿಸ್‌ಗಳ ಬಿಷಪ್ಪರಲ್ಲಿ ಬಹುಮತ ಒಪ್ಪಬೇಕು, ಜೊತೆಗೆ ಎಲ್ಲಾ ಡಯಾಸಿಸ್‌ಗಳ ಸ್ಟ್ಯಾಂಡಿಂಗ್ ಕಮಿಟಿಗಳಲ್ಲೂ ಬಹುಮತ ಒಪ್ಪಬೇಕು, 120 ದಿನದೊಳಗೆ, ಬರವಣಿಗೆಯಲ್ಲಿ, ರುಜು ಸಮೇತ.

ಈ ಸ್ಟ್ಯಾಂಡಿಂಗ್ ಕಮಿಟಿ ಅನ್ನೋದು ನನ್ನ ಪ್ರಕಾರ ಇಡೀ ವ್ಯವಸ್ಥೆಯ ಕೀಲು. ಕೆಲವೇ ಜನ, ಪಾದ್ರಿಗಳೂ ಇರ್ತಾರೆ ಸಾಮಾನ್ಯ ಜನರೂ ಇರ್ತಾರೆ, ಆರಿಸೋದು ಕನ್ವೆನ್ಷನ್, ಬಿಷಪ್ ಅಲ್ಲ. ಬಿಷಪ್ಪಿಗೆ ಸಲಹೆ ಕೊಡೋದು ಇವರ ಕೆಲಸ, ಯಾರನ್ನಾದ್ರೂ ಪಾದ್ರಿ ಮಾಡ್ಬೇಕಾದ್ರೆ ಇವರ ಒಪ್ಪಿಗೆ ಬೇಕು, ಸಭೆಯ ಆಸ್ತಿ ಮಾರೋದಕ್ಕೆ ಅಡ ಇಡೋದಕ್ಕೆ ಇವರ ಒಪ್ಪಿಗೆ ಬೇಕು, ಬಿಷಪ್ ತೀರಿಹೋದ್ರೆ ಅಥವಾ ನಿವೃತ್ತಿ ಆಗಿ ಇನ್ನೊಬ್ರು ಬರದೆ ಇದ್ರೆ ಡಯಾಸಿಸ್‌ನ ಅಧಿಕಾರವೇ ಇವರ ಕೈಗೆ. ಬಿಷಪ್ಪಿಗೂ 72 ವರ್ಷಕ್ಕೆ ನಿವೃತ್ತಿ ಕಡ್ಡಾಯ. ನಮ್ಮೂರಿನ ಒಬ್ಬ ದಂತವೈದ್ಯೆ ಈ ಕಮಿಟಿಲಿದ್ರು, ಅವರು ಒಂದು ಮಂಗಳವಾರ ಸಂಜೆ ಕ್ಲಿನಿಕ್ ಮುಚ್ಚಿ ಬಂದು ಎಲ್ಲೋ ಸಾವಿರಾರು ಮೈಲಿ ದೂರದ ಡಯಾಸಿಸ್ ಆರಿಸಿದ ಬಿಷಪ್ಪಿಗೆ ಒಪ್ಪಿಗೆ ಹಾಕೋರು. ನಂಗೆ ಆಶ್ಚರ್ಯ ಆಗಿದ್ದು ಅದೇ, ಬಿಷಪ್ ಆಗ್ಬೇಕಾದ್ರೆ ಒಬ್ಬ ಹಲ್ಲಿನ ಡಾಕ್ಟರ ರುಜು ಬೇಕು.

ಈ ರುಜು ವಿಷಯ ತಮಾಷೆ ಅಲ್ಲ. ಸೌತ್ ಕೆರೊಲಿನಾ ಡಯಾಸಿಸ್ 2006ರಲ್ಲಿ ಮಾರ್ಕ್ ಲಾರೆನ್ಸ್ ಅನ್ನೋರನ್ನ ಬಿಷಪ್ ಆಗಿ ಆರಿಸ್ತು. ಇವರು ಮುಂದೆ ಡಯಾಸಿಸ್ಸನ್ನೇ ಚರ್ಚಿಂದ ಹೊರಗೆ ಕರ್ಕೊಂಡು ಹೋಗಿಬಿಟ್ಟಾರು ಅನ್ನೋ ಅನುಮಾನ ತುಂಬಾ ಜನಕ್ಕೆ, ಹಂಗಾಗಿ ಒಪ್ಪಿಗೆ ಪತ್ರಗಳು ಎಳೆದಾಡ್ಕೊಂಡು ಬಂದ್ವು. ಕೊನೆಗೆ ಸಂಖ್ಯೆ ಸಾಕಾಗಿದೆ ಅನ್ನೋ ಹೊತ್ತಿಗೆ, ಕೆಲವು ಕಮಿಟಿಗಳ ಪತ್ರ ಕ್ಯಾನನ್ ಹೇಳಿದ ನಮೂನೆಯಲ್ಲಿ ಇಲ್ಲ, ರುಜು ಸರಿಯಿಲ್ಲ ಅಂತ 2007ರ ಮಾರ್ಚ್‌ನಲ್ಲಿ ಆಗಿನ ಪ್ರಿಸೈಡಿಂಗ್ ಬಿಷಪ್, ಅಂದ್ರೆ ಇಡೀ ಚರ್ಚಿನ ಮುಖ್ಯಸ್ಥೆ, ಕ್ಯಾಥರಿನ್ ಜೆಫರ್ಟ್ಸ್ ಶೋರಿ ಆ ಆಯ್ಕೆನೇ ರದ್ದು ಅಂದ್ರು. ಡಯಾಸಿಸ್ ಹಠ ಬಿಡ್ಲಿಲ್ಲ, ಅದೇ ವರ್ಷ ಆಗಸ್ಟ್‌ನಲ್ಲಿ ಮತ್ತೆ ಅವರನ್ನೇ ಆರಿಸ್ತು, ಈ ಸಲ ಪತ್ರಗಳು ಸರಿಯಾಗಿ ಬಂದ್ವು, 2008ರ ಜನವರಿಯಲ್ಲಿ ಅಭಿಷೇಕ ಆಯ್ತು. ನಾಲ್ಕೂ ಚಿಲ್ಲರೆ ವರ್ಷ ಆದ್ಮೇಲೆ, 2012ರಲ್ಲಿ, ಅನುಮಾನ ಪಟ್ಟೋರು ಅಂದಿದ್ದೇ ಆಯ್ತು. ಡಯಾಸಿಸ್‌ನ ಬಹುಪಾಲು ಸಭೆಗಳು ಅವರ ಜೊತೆ ಹೊರಟುಹೋದ್ವು.

ಅದಕ್ಕೆ ಕಾರಣ ಏನು, ಸಲಿಂಗ ಸಂಬಂಧದ ವಿಷಯ, ಬೈಬಲ್ ಹೇಗೆ ಓದ್ಬೇಕು ಅನ್ನೋ ವಿಷಯ, 2003ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನವರು ತಾನು ಸಲಿಂಗಿ ಅಂತ ಮುಚ್ಚಿಡದ ಜೀನ್ ರಾಬಿನ್ಸನ್‌ರನ್ನ ಬಿಷಪ್ ಮಾಡಿದಾಗಿನಿಂದ ಕುದೀತಿದ್ದ ಜಗಳ. ಸ್ಯಾನ್ ವಾಕೀನ್, ಪಿಟ್ಸ್‌ಬರ್ಗ್, ಕ್ವಿನ್ಸಿ, ಫೋರ್ಟ್ ವರ್ತ್‌ನಲ್ಲಿ ಅದಾಗಲೇ ಒಡೆದಿತ್ತು. ದೇವರ ವಿಷಯದ ಜಗಳದ ಬಗ್ಗೆ ಇವತ್ತು ನಾನು ಮಾತಾಡಲ್ಲ, ಮಾತಾಡಿದ್ರೆ ವಡೆ ಆರಿಹೋಗುತ್ತೆ. ಆಡಳಿತದ ಪ್ರಶ್ನೆ ಒಂದೇ: ಹೋಗೋರು ಹೋಗ್ಲಿ, ಕಟ್ಟಡ ಯಾರ್ದು?

ಇಲ್ಲಿ ನಮ್ಗೆ ಸಿಎಸ್ಐ ಟ್ರಸ್ಟ್ ಅಸೋಸಿಯೇಷನ್ ಇದೆ, ಆಸ್ತಿ ಅದರ ಹೆಸರಲ್ಲಿ. ಅಲ್ಲಿ ಸಾಮಾನ್ಯವಾಗಿ ಸಭೆಯ ಹೆಸರಲ್ಲೇ ಹಕ್ಕುಪತ್ರ ಇರುತ್ತೆ. 1979ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜೋನ್ಸ್ ವರ್ಸಸ್ ವುಲ್ಫ್ ಅನ್ನೋ ಕೇಸಲ್ಲಿ, ನೋಡಿ, ನಿಮ್ಮ ಧರ್ಮದ ಒಳಗಿನ ತಗಾದೆ ನಮಗೆ ಬೇಡ, ಆಸ್ತಿ ದೊಡ್ಡ ಚರ್ಚಿಗೆ ಸೇರ್ಬೇಕು ಅಂತಿದ್ರೆ ಮೊದಲೇ ಕಾಗದದಲ್ಲಿ ಬರ್ಕೊಂಡಿರಿ ಅನ್ನೋ ಅರ್ಥದ ತೀರ್ಪು ಕೊಡ್ತು. ಅದೇ ವರ್ಷ ಜನರಲ್ ಕನ್ವೆನ್ಷನ್ ಡೆನ್ನಿಸ್ ಕ್ಯಾನನ್ ಪಾಸ್ ಮಾಡ್ತು, ಕರಡು ಬರೆದ ವಾಲ್ಟರ್ ಡೆನ್ನಿಸ್ ಹೆಸರಲ್ಲಿ. ಸಭೆಯ ಆಸ್ತಿ ಸಭೆಯ ಹೆಸರಲ್ಲೇ ಇರ್ಲಿ, ಆದ್ರೆ ಅದು ಡಯಾಸಿಸ್ ಮತ್ತು ಇಡೀ ಚರ್ಚಿನ ಪರವಾಗಿ ಟ್ರಸ್ಟ್‌ನಲ್ಲಿದೆ ಅಂತ ಅದರ ಸಾರ. ಒಂದೆರಡು ವಾಕ್ಯ ಅಷ್ಟೇ.

ಆ ಒಂದೆರಡು ವಾಕ್ಯದ ಮೇಲೆ ಸೌತ್ ಕೆರೊಲಿನಾದಲ್ಲಿ 2013ರಿಂದ ಹತ್ತತ್ರ ಹತ್ತು ವರ್ಷ ಕೋರ್ಟ್ ಅಲೆದ್ರು. ಚರ್ಚಲ್ಲೇ ಉಳ್ಕೊಂಡ ಗುಂಪಿಗೆ ಕೋರ್ಟ್ ಆದೇಶದಿಂದ ತಮ್ಮ ಡಯಾಸಿಸ್ ಹೆಸರು ಹೇಳ್ಕೊಳ್ಳೋಕೂ ಆಗದೆ ವರ್ಷಗಟ್ಟಲೆ ಬೇರೆ ಹೆಸರಿಟ್ಕೊಂಡು ಓಡಾಡಿದ್ರು. 2017ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ಐದು ಜಡ್ಜ್‌ಗಳು ಐದು ಬೇರೆ ಬೇರೆ ಅಭಿಪ್ರಾಯ ಬರೆದ್ರು, ಅದರ ಅರ್ಥ ಏನು ಅಂತ ತಿಳ್ಕೊಳ್ಳೋಕೇ ಮತ್ತೆ ಕೆಳಗಿನ ಕೋರ್ಟ್, ಮತ್ತೆ ಮೇಲಿನ ಕೋರ್ಟ್. ಕೊನೆಗೆ 2022ರಲ್ಲಿ ಆ ಕೋರ್ಟ್ ಮಾಡಿದ್ದೇನು ಗೊತ್ತಾ, ಒಂದೊಂದು ಸಭೆಯ ಹಳೇ ಕಾಗದ, ಬೈಲಾ, ನಿರ್ಣಯ ಎಲ್ಲಾ ಬಿಡಿಸಿ ನೋಡ್ತು. ನಿಮ್ಮ ಸಭೆ ಯಾವತ್ತಾದ್ರೂ ಚರ್ಚಿನ ಕ್ಯಾನನ್‌ಗಳಿಗೆ ನಾವು ಬದ್ಧ ಅಂತ ರಾಜ್ಯದ ಕಾನೂನು ಒಪ್ಪೋ ಹಾಗೆ ಬರ್ಕೊಟ್ಟಿದೆಯಾ? ಬರ್ಕೊಟ್ಟಿದ್ರೆ ಕಟ್ಟಡ ಎಪಿಸ್ಕೋಪಲ್ ಡಯಾಸಿಸ್‌ಗೆ. ಇಲ್ವಾ, ನಿಮಗೇ. ಕೆಲವು ಎಪಿಸ್ಕೋಪಲ್ ಕಡೆ ಬಂದ್ವು, ಹೆಚ್ಚಿನವು ಹೊರಗೆ ಹೋದೋರ ಕಡೆ ಹೋದ್ವು. ಯೋಚನೆ ಮಾಡಿ, ಎಷ್ಟೋ ವರ್ಷದ ಹಿಂದೆ ಒಂದು ವೆಸ್ಟ್ರಿ ಮೀಟಿಂಗ್‌ನಲ್ಲಿ, ಟೈಮ್ ಆಯ್ತು ಬೇಗ ಪಾಸ್ ಮಾಡ್ರಪ್ಪ ಅಂತ ಕೈ ಎತ್ತಿದ ಬೈಲಾದ ಒಂದು ಸಾಲಿಂದ, ಮೊಮ್ಮಕ್ಕಳ ಕಾಲಕ್ಕೆ ಗುಡಿಯ ಬೀಗದ ಕೈ ಯಾರ ಕೈಲಿರ್ಬೇಕು ಅನ್ನೋದು ತೀರ್ಮಾನ ಆಯ್ತು. ಟೆಕ್ಸಸ್‌ನಲ್ಲಿ ಇನ್ನೊಂದು ಥರ, ಫೋರ್ಟ್ ವರ್ತ್ ಕೇಸಲ್ಲಿ 2020ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೊರಗೆ ಹೋದೋರ ಪರವಾಗೇ ಹೇಳ್ತು. ರಾಜ್ಯಕ್ಕೊಂದು ಕಾನೂನು.

ಇಷ್ಟು ಹೇಳಿದ ಮೇಲೆ, ಈ ಓಟು ಕಮಿಟಿ ಎಲ್ಲಾ ಇದ್ದ ಮಾತ್ರಕ್ಕೆ ನ್ಯಾಯ ಸಿಗುತ್ತೆ ಅಂತ ಅಲ್ಲ. ಫಿಲಡೆಲ್ಫಿಯಾದಲ್ಲಿ ಅಬ್ಸಲಂ ಜೋನ್ಸ್ ಅಂತ, ಗುಲಾಮಗಿರಿಯಿಂದ ಬಿಡುಗಡೆ ಪಡ್ಕೊಂಡೋರು, ಕಪ್ಪು ಜನರ ಸೇಂಟ್ ಥಾಮಸ್ ಸಭೆ ಕಟ್ಟಿದ್ರು. 1794ರಲ್ಲಿ ಡಯಾಸಿಸ್ ಅವರನ್ನ ಸೇರಿಸ್ಕೊಳ್ತು, ಆದ್ರೆ ಕನ್ವೆನ್ಷನ್‌ಗೆ ಡೆಲಿಗೇಟ್ ಕಳಿಸೋ ಹಾಗಿಲ್ಲ ಅನ್ನೋ ಷರತ್ತಿನ ಮೇಲೆ. ಆ ಷರತ್ತು 1860ರ ದಶಕದ ತನಕ ಇತ್ತು. ಕೂತ್ಕೊಂಡು ಪ್ರಾರ್ಥನೆ ಮಾಡಿ, ಓಟು ಮಾತ್ರ ಕೇಳ್ಬೇಡಿ. ನಮ್ಮ ಊರುಗಳಲ್ಲಿ ಯಾವ ಬೆಂಚಲ್ಲಿ ಯಾರು ಕೂತ್ಕೋಬೇಕು ಅನ್ನೋ ಕತೆ ಗೊತ್ತಿರೋರಿಗೆ ಇದನ್ನ ಜಾಸ್ತಿ ವಿವರಿಸಬೇಕಿಲ್ಲ. ಅದೇ ಚರ್ಚಲ್ಲಿ 1988ರಲ್ಲಿ ಮ್ಯಾಸಚೂಸೆಟ್ಸ್ ಡಯಾಸಿಸ್ ಬಾರ್ಬರಾ ಹ್ಯಾರಿಸ್ ಅನ್ನೋ ಕಪ್ಪು ಮಹಿಳೆಯನ್ನ ಸಫ್ರಗನ್ ಬಿಷಪ್ ಅಂತ, ಅಂದ್ರೆ ಸಹಾಯಕ ಬಿಷಪ್ ಅಂತ ಆರಿಸ್ತು, ಇಡೀ ಆಂಗ್ಲಿಕನ್ ಲೋಕಕ್ಕೇ ಮೊದಲ ಮಹಿಳಾ ಬಿಷಪ್. ಆಗಲೂ ದೇಶದ ಸ್ಟ್ಯಾಂಡಿಂಗ್ ಕಮಿಟಿಗಳ ಬಹುಮತದ ಒಪ್ಪಿಗೆಗೆ ಕಾದ್ರು, ಬಂತು. 1989ರ ಫೆಬ್ರವರಿಯಲ್ಲಿ ಬಾಸ್ಟನ್‌ನಲ್ಲಿ ಅಭಿಷೇಕದ ದಿನ ಪೊಲೀಸರು ಬುಲೆಟ್‌ಪ್ರೂಫ್ ಜಾಕೆಟ್ ಹಾಕ್ಕೊಳಿ ಅಂದ್ರಂತೆ, ಅವರು ಬೇಡ ಅಂದ್ರು.

ದುಡ್ಡಿನ ವಿಷಯ ಚುಟುಕಾಗಿ ಹೇಳಿಬಿಡ್ತೀನಿ, ಬಿ.ಕಾಂ. ಅಂದ್ನಲ್ಲ. ಸಭೆಯವರು ವರ್ಷದ ಶುರುವಲ್ಲೇ ಇಷ್ಟು ಕೊಡ್ತೀವಿ ಅಂತ ಬರೆದುಕೊಡ್ತಾರೆ, ಅದರ ಮೇಲೆ ಸಭೆಯ ಬಜೆಟ್. ಸಭೆ ತನ್ನ ಆದಾಯದಲ್ಲಿ ಒಂದು ಪಾಲು ಡಯಾಸಿಸ್‌ಗೆ, ಎಷ್ಟು ಅನ್ನೋದು ಡಯಾಸಿಸ್‌ಗೊಂದು ಥರ. ಡಯಾಸಿಸ್ ತನ್ನ ಆದಾಯದಲ್ಲಿ ಒಂದು ಮೊತ್ತ ಬಿಟ್ಟು ಉಳಿದಿದ್ದರ ಶೇ. 15 ಮೇಲಿನ ಚರ್ಚಿಗೆ. ಪಾದ್ರಿಯ ಸಂಬಳದ ಮೇಲೆ ಶೇ. 18 ಪೆನ್ಷನ್ ಫಂಡ್‌ಗೆ, ಸಭೆನೇ ಕಟ್ಟಬೇಕು. ಆ ಫಂಡ್ 1917ರಲ್ಲಿ ಶುರುವಾಗಿದ್ದು, ಮ್ಯಾಸಚೂಸೆಟ್ಸ್ ಬಿಷಪ್ ವಿಲಿಯಂ ಲಾರೆನ್ಸ್ ಓಡಾಡಿ 50 ಲಕ್ಷ ಡಾಲರ್ ಎತ್ತೋಕೆ ಹೊರಟು ಅದಕ್ಕಿಂತ ಎಷ್ಟೋ ಜಾಸ್ತಿ ತಂದ್ರು, ಬ್ಯಾಂಕರ್ ಜೆ.ಪಿ. ಮಾರ್ಗನ್ ಖಜಾಂಚಿ ಕೆಲಸಕ್ಕೆ ಕೈಜೋಡಿಸಿದ್ರು. ಮಾರ್ಚ್ 1ರ ಒಳಗೆ ಪ್ರತಿ ಸಭೆಯೂ ಎಷ್ಟು ಜನ ಬಂದ್ರು, ಎಷ್ಟು ದುಡ್ಡು ಬಂತು ಅಂತ ಒಂದು ಫಾರಂ ತುಂಬಿ ಕಳಿಸ್ಬೇಕು, ಸೆಪ್ಟೆಂಬರ್ 1ರ ಒಳಗೆ ಆಡಿಟ್. ಪ್ರತಿ ವರ್ಷ ಫೆಬ್ರವರಿ 28ರ ರಾತ್ರಿ ನಮ್ಮ ಖಜಾಂಚಿ ಅಳ್ತಾ ಕೂತಿರ್ತಾರೆ.

ತೊಂದರೆ ಏನಂದ್ರೆ ಈ ಯಂತ್ರ ಕಟ್ಟಿದ್ದು ಚರ್ಚ್ ತುಂಬಿದ್ದ ಕಾಲಕ್ಕೆ. ಒಬ್ಬ ಬಿಷಪ್, ಅವರ ಕೈಕೆಳಗೆ ಒಬ್ಬ ಮುಖ್ಯ ಸಹಾಯಕ ಪಾದ್ರಿ, ಹಣಕಾಸಿಗೊಬ್ರು, ಕಾನೂನಿಗೆ ಚಾನ್ಸಲರ್ ಅಂತ ಒಬ್ಬ ಲಾಯರ್, ಹತ್ತೆಂಟು ಕಮಿಟಿ, ಇಷ್ಟನ್ನ ಸಣ್ಣ ಡಯಾಸಿಸ್ ಎಲ್ಲಿಂದ ಸಾಕುತ್ತೆ? ವಿಸ್ಕಾನ್ಸಿನ್‌ನಲ್ಲಿ ಒಂದು ಕಾಲಕ್ಕೆ ಒಂದೇ ಡಯಾಸಿಸ್ ಇತ್ತು, ಬೆಳೀತು, ಒಡೆದು ಮೂರಾಯ್ತು, 2024ರಲ್ಲಿ ಮೂರೂ ಸೇರಿ ಮತ್ತೆ ಒಂದಾದ್ವು. ಅಣ್ಣತಮ್ಮಂದಿರು ಪಾಲಾಗಿ ಮೂರು ಒಲೆ ಹೂಡಿ, ಸೌದೆ ಸಾಲದೆ ಮತ್ತೆ ಒಂದೇ ಅಡುಗೆಮನೆಗೆ ಬಂದ ಹಾಗೆ. ವಾಯವ್ಯ ಪೆನ್ಸಿಲ್ವೇನಿಯಾ, ಪಶ್ಚಿಮ ನ್ಯೂಯಾರ್ಕ್ ಎರಡು ಡಯಾಸಿಸ್‌ಗಳು 2019ರಿಂದ ಒಬ್ಬರೇ ಬಿಷಪ್ಪನ್ನ ಹಂಚ್ಕೊಂಡ್ವು, ಶಾನ್ ರೋ ಅಂತ, ಅವರನ್ನೇ 2024ರಲ್ಲಿ ಇಡೀ ಚರ್ಚಿಗೆ ಪ್ರಿಸೈಡಿಂಗ್ ಬಿಷಪ್ ಆಗಿ ಆರಿಸಿದ್ರು. ಕಮ್ಮಿ ಖರ್ಚಲ್ಲಿ ಸಂಸಾರ ಮಾಡೋಕೆ ಗೊತ್ತಿರೋರು ಬೇಕಾಗಿತ್ತು ಅಂತ ಕಾಣ್ಸುತ್ತೆ.

ಈಗ ನನ್ನ ಸೂರಿನ ಕತೆ. ನಮ್ಮ ಚರ್ಚಿನ ಬಲಿಪೀಠದ ಎಡಗಡೆ ಮಳೆ ಬಂದ್ರೆ ಎರಡು ಬಕೆಟ್ ಇಡ್ಬೇಕು, ಆರಾಧನೆ ಮಧ್ಯೆ ಟಪ್ ಟಪ್ ಅಂತ ಸದ್ದು, ಆರ್ಗನ್ ನುಡಿಸೋರು ಅದರ ತಾಳಕ್ಕೇ ನುಡಿಸ್ತೀನಿ ಅಂತ ತಮಾಷೆ ಮಾಡೋರು. ದುಡ್ಡಿಲ್ಲ. ಪಕ್ಕದಲ್ಲಿ ಅಯ್ಯನೋರ ಮನೆ ಖಾಲಿ ಬಿದ್ದಿತ್ತು, ನಮ್ಮ ಅಯ್ಯನೋರು ಅರ್ಧ ಸಂಬಳದವರು, ಬೇರೆ ಊರಲ್ಲಿ ಸ್ವಂತ ಮನೇಲಿರ್ತಾರೆ. ಮಾರಿ ಸೂರು ಮಾಡ್ಸೋಣ ಅಂತ ವೆಸ್ಟ್ರಿಲಿ ಓಟು ಹಾಕಿದ್ವಿ, ಮುಗೀತು ಅಂದ್ಕೊಂಡೆ. ಬಿಷಪ್ ಆಫೀಸಿಗೆ ಬರೆದ್ರೆ, ಬಿಷಪ್ ಒಪ್ಪಿಗೆ ಜೊತೆಗೆ ಸ್ಟ್ಯಾಂಡಿಂಗ್ ಕಮಿಟಿದೂ ಬೇಕು, ಅವರು ಸೇರೋದು ತಿಂಗಳಿಗೊಂದ್ಸಲ. ಮೊದಲ ತಿಂಗಳು, ಬೆಲೆ ಕಟ್ಟಿಸಿ ತನ್ನಿ ಅಂದ್ರು. ಎರಡನೇ ತಿಂಗಳು, ಮನೆ ಮಾರಿದ್ಮೇಲೆ ಮುಂದೆ ಪೂರ್ತಿ ಹೊತ್ತಿನ ಅಯ್ಯನೋರು ಬಂದ್ರೆ ಎಲ್ಲಿರ್ತಾರೆ ಬರೆದುಕೊಡಿ. ಮೂರನೇ ತಿಂಗಳು, ಮೂಲ ಹಕ್ಕುಪತ್ರ ಎಲ್ಲಿ? ಅದನ್ನ ಹುಡುಕೋಕೆ ಎರಡು ತಿಂಗಳು ಹೋಯ್ತು, ಕೊನೆಗೆ ಸಿಕ್ಕಿದ್ದು ಎಲ್ಲಿ ಅಂದ್ರೆ ಹಾಡಿನವರ ಬಟ್ಟೆ ಬೀರುವಿನ ತಳದಲ್ಲಿ ಒಂದು ಹಳೇ ಬಿಸ್ಕೆಟ್ ಡಬ್ಬದೊಳಗೆ, ಜೊತೆಗೆ ಎರಡು ಕ್ರಿಸ್ಮಸ್ ನಕ್ಷತ್ರ, ಒಂದು ಒಡೆದ ಗಂಟೆ. ಏಳನೇ ತಿಂಗಳಿಗೆ ಒಪ್ಪಿಗೆ ಬಂತು, ಅಷ್ಟರಲ್ಲಿ ಬಕೆಟ್ ಮೂರಾಗಿತ್ತು. ನಂಗೆ ಕೋಪ ಬಂದಿದ್ದು ನಿಜ. ಆದ್ರೆ ಆ ದಂತವೈದ್ಯೆ ಒಂದು ಮಾತು ಹೇಳಿದ್ರು, ಇನ್ನೊಂದು ಊರಲ್ಲಿ ಹಿಂಗೇ ಸೂರಿಗೆ ಅಂತ ಮನೆ ಮಾರಿ, ದುಡ್ಡನ್ನ ಸಂಬಳಕ್ಕೆ ಕರೆಂಟ್ ಬಿಲ್ಲಿಗೆ ಸುರಿದು, ಮೂರೇ ವರ್ಷಕ್ಕೆ ಮನೆನೂ ಇಲ್ಲ ಸೂರೂ ಇಲ್ಲ ಸಭೆನೂ ಇಲ್ಲ ಆಯ್ತು, ಅವತ್ತು ನಾವು ಪ್ರಶ್ನೆ ಕೇಳದೆ ರುಜು ಹಾಕಿದ್ವಿ ಅಂತ. ಅದಕ್ಕೇ ಈ ಸಲ ನಮ್ಮ ಮನೆಯ ದುಡ್ಡು ಬೇರೆ ಖಾತೆಲಿಡಿ, ಸೂರಿಗೆ ಬಿಟ್ರೆ ಬೇರೆ ಯಾವುದಕ್ಕೂ ತೆಗೀಬೇಡಿ ಅಂತ ಷರತ್ತು ಹಾಕಿದ್ರು.

ಪ್ರಶ್ನೆ ಕೇಳೋ ಹೊತ್ತಲ್ಲಿ ಒಬ್ರು ಎದ್ದು, ಹಂಗಾದ್ರೆ ಬಿಷಪ್ಪಿಗೆ ಏನ್ ಕೆಲಸ ಅಂದ್ರು. ಇದೆ ಸಾರ್, ಬೇಕಾದಷ್ಟಿದೆ. ಮೂರು ವರ್ಷಕ್ಕೆ ಒಂದ್ಸಲನಾದ್ರೂ ಪ್ರತಿ ಸಭೆಗೂ ಬರ್ಲೇಬೇಕು, ದೃಢೀಕರಣ (ಕನ್‌ಫರ್ಮೇಶನ್) ಕೊಡ್ಬೇಕು, ಪಾದ್ರಿಗಳಿಗೆ ದೀಕ್ಷೆ ಕೊಡ್ಬೇಕು, ಪಾದ್ರಿಗಳ ಮೇಲೆ ದೂರು ಬಂದ್ರೆ ಅದರ ಕ್ರಮ ನಡಿಯೋ ಹಾಗೆ ನೋಡ್ಬೇಕು. ನಮ್ಮ ಬಿಷಪ್ ಬಂದ ದಿನ ಮಳೆ ಇತ್ತು, ಬಕೆಟ್ ಅವರ ಕುರ್ಚಿ ಪಕ್ಕದಲ್ಲೇ, ಪ್ರಸಂಗ ನಿಲ್ಲಿಸಿ ತಾವೇ ಬಕೆಟ್ ಒಂದಿಷ್ಟು ಸರಿಸಿದ್ರು. ಸರಿಸಬಹುದು, ಸೂರಿಗೆ ದುಡ್ಡು ಮಂಜೂರು ಮಾಡೋದು ಅವರೊಬ್ಬರ ಕೈಲಿಲ್ಲ.

ಕೊನೇಲಿ ಹಿಂದಿನ ಸಾಲಿನ ಒಬ್ರು ಆಂಟಿ, ನನ್ನ ಭಾನುವಾರದ ಶಾಲೆಯ ಟೀಚರ್ ಆಗಿದ್ದೋರು, ಎದ್ದು ನಿಂತು ಕೇಳಿದ್ರು: ಅದೆಲ್ಲಾ ಸರಿ ಕಣಪ್ಪ, ಅಲ್ಲಿ ಆಡಿಟ್ ರಿಪೋರ್ಟು, ಬೈಲಾ ಇವೆಲ್ಲಾ ಸಭೆಯವರಿಗೆ ತೋರಿಸ್ತಾರಾ?

ತೋರಿಸ್ತಾರೆ ಆಂಟಿ, ಕಾಫಿ ಟೇಬಲ್ ಮೇಲೇ ಇಟ್ಟಿರ್ತಾರೆ.

ಜನ ಓದ್ತಾರಾ?

ಇಲ್ಲ ಆಂಟಿ. ಅದರ ಮೇಲೆ ಕಪ್ ಇಡ್ತಾರೆ. ನಾನೂ ಮೂರು ವರ್ಷ ಇಟ್ಟಿದ್ದೆ.